ಸಾರ್ಪೆಡಾನನ ಸಾವು: ಹೋಮರನ ಕಾವ್ಯದಲ್ಲಿ ವೀರ, ವಿಧಿ ಮತ್ತು ದೇವತೆಗಳು

ಹೋಮರನ 'ಇಲಿಯಡ್' ಕಾವ್ಯದ 16ನೆಯ ಸರ್ಗದಲ್ಲಿ ದೇವತೆಗಳ ಒಡೆಯ ಜ್ಯೂಸ್ ಒಂದು ಗಳಿಗೆ ತಡವರಿಸುತ್ತಾನೆ. ಲಿಸಿಯಾದ ದೊರೆ ಸಾರ್ಪೆಡಾನ್ ಅವನ ಮಗ. ಮನುಷ್ಯಸ್ತ್ರೀಯ ಹೊಟ್ಟೆಯಲ್ಲಿ ಹುಟ್ಟಿದವನಾದ್ದರಿಂದ ಸಾವುಳ್ಳವನು. ಟ್ರಾಯ್ ಪಕ್ಷದಲ್ಲಿ ಕಾದಲು ದೂರದಿಂದ ಬಂದಿದ್ದಾನೆ. ಎದುರಿಗೆ ನಿಂತಿರುವವನು ಗ್ರೀಕ್ ವೀರ ಅಕಿಲೀಸನ ಕವಚ ತೊಟ್ಟ ಅವನ ಗೆಳೆಯ ಪ್ಯಾಟ್ರೊಕ್ಲಸ್. ಇವನ ಕೈಯಲ್ಲಿ ಮಗ ಸಾಯಬೇಕೆಂದು ವಿಧಿಯಿದೆ, ಅದು ತಂದೆಗೆ ಗೊತ್ತೂ ಇದೆ. ಆದರೂ ಹೆಂಡತಿ ಹೀರಾಳ ಮುಂದೆ ತನ್ನ ಹೊಯ್ದಾಟವನ್ನು ಬಿಚ್ಚಿಡುತ್ತಾನೆ: ಮಗನನ್ನು ಜೀವಸಹಿತ ಎತ್ತಿ ಅವನ ನಾಡಿಗೆ ಸೇರಿಸಲೇ, ಇಲ್ಲಿಯೇ ಬೀಳಗೊಡಲೇ?

ಹೀರಾ ಕೊಡುವ ಉತ್ತರವನ್ನು ನಿಧಾನವಾಗಿ ಓದಬೇಕು. ಹಾಗೆ ಮಾಡಲು ನಿನಗೆ ಸಾಧ್ಯವಿಲ್ಲ ಎಂದು ಅವಳು ಹೇಳುವುದೇ ಇಲ್ಲ. ಮಾಡುವುದಾದರೆ ಮಾಡು, ಆದರೆ ನಾವು ಯಾರೂ ಮೆಚ್ಚುವುದಿಲ್ಲ ಎನ್ನುತ್ತಾಳೆ. ಟ್ರಾಯ್ ಕೋಟೆಯ ಸುತ್ತ ಕಾದುತ್ತಿರುವವರಲ್ಲಿ ದೇವತೆಗಳ ಮಕ್ಕಳು ಇನ್ನೂ ಎಷ್ಟೋ ಮಂದಿ ಇದ್ದಾರೆ. ಇಂದು ನೀನು ನಿನ್ನ ಮಗನನ್ನು ಉಳಿಸಿಕೊಂಡರೆ ನಾಳೆ ಅವರೂ ತಮ್ಮ ತಮ್ಮ ಮಕ್ಕಳಿಗಾಗಿ ಕೈ ಹಾಕುತ್ತಾರೆ ಎಂಬುದು ಅವಳ ವಾದ. ಜ್ಯೂಸ್ ಒಪ್ಪುತ್ತಾನೆ. ಮಗನ ಗೌರವಕ್ಕೆಂದು ನೆಲದ ಮೇಲೆ ನೆತ್ತರ ಹನಿಗಳನ್ನು ಸುರಿಸುತ್ತಾನೆ, ಅಷ್ಟೆ.

ಗ್ರೀಕರ ವಿಧಿ ದೇವತೆಗಳಿಗೂ ಮೇಲಿನ ಒಂದು ಕುರುಡು ಶಕ್ತಿ, ಮನುಷ್ಯ ಅದರ ಕೈಗೊಂಬೆ ಎಂಬ ಮಾತು ನಮ್ಮ ತರಗತಿಗಳಲ್ಲಿ ಬೇರೂರಿಬಿಟ್ಟಿದೆ. ಅದಕ್ಕೆ ಒಂದು ಕಾರಣ ನಾವು ಗ್ರೀಕರ ಲೋಕವನ್ನು ರುದ್ರನಾಟಕಗಳ ಬಾಗಿಲಿನಿಂದ ಹೊಕ್ಕದ್ದು. ಬಿ.ಎಂ.ಶ್ರೀ. ಸಾಫೊಕ್ಲಿಸನ 'ಏಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಆಗಿಸಿದರು, ಈಸ್ಕಿಲಸನ 'ಪಾರಸಿಕರು' ನಾಟಕವನ್ನು ಕನ್ನಡಕ್ಕೆ ತಂದರು. ಮಹಾಕಾವ್ಯದ ಓದು ಅಷ್ಟಾಗಿ ಹರಡಲಿಲ್ಲ. ಆದರೆ ನಾಟಕಕಾರರಿಗಿಂತ ಸುಮಾರು 3 ಶತಮಾನ ಹಿಂದಿನ 'ಇಲಿಯಡ್' ಬೇರೊಂದು ಚಿತ್ರವನ್ನು ಕೊಡುತ್ತದೆ. ಅಲ್ಲಿ ವಿಧಿಯನ್ನು ಮೀರುವುದು ಸಾಧ್ಯ. ಮೀರಿದರೆ ಲೋಕದ ಕಟ್ಟು ಸಡಿಲವಾಗುತ್ತದೆ ಎಂಬ ಕಾರಣಕ್ಕೆ ಯಾರೂ ಮೀರುವುದಿಲ್ಲ. ಜ್ಯೂಸನನ್ನು ತಡೆಯುವುದು ದೇವಸಭೆಯ ಒಪ್ಪಂದ, ಒಡೆತನದ ಹೊಣೆ. ಪ್ಲೇಟೊ ಇದನ್ನು ಸಹಿಸಲಿಲ್ಲ. ದೇವತೆಗಳ ಅರಸ ಮಗನಿಗಾಗಿ ಗೋಳಿಡುವ ಈ ಭಾಗ ತನ್ನ ಆದರ್ಶ ರಾಜ್ಯದ ಕಾವಲುಗಾರರ ಶಿಕ್ಷಣಕ್ಕೆ ತಕ್ಕದ್ದಲ್ಲವೆಂದು 'ರಿಪಬ್ಲಿಕ್' ಗ್ರಂಥದ 3ನೆಯ ಭಾಗದಲ್ಲಿ ಹೆಸರಿಸಿ ತಳ್ಳಿಹಾಕಿದ. ಪ್ಲೇಟೊಗೆ ಬೇಕಾದದ್ದು ಕಲಕದ ದೇವರು, ಹೋಮರನಲ್ಲಿ ಇದ್ದದ್ದು ಮನೆಮಂದಿಯ ಮಾತಿಗೆ ಬೆಲೆ ಕೊಡುವ ಯಜಮಾನ.

20ನೆಯ ಸರ್ಗದಲ್ಲಿ ಇದೇ ಅಂಶ ಇನ್ನೊಂದು ಬಗೆಯಲ್ಲಿ ಕಾಣಿಸುತ್ತದೆ. ಗೆಳೆಯನನ್ನು ಕಳೆದುಕೊಂಡ ಅಕಿಲೀಸ್ ಕೆರಳಿ ನಿಂತಿದ್ದಾನೆ. ಇವನು ವಿಧಿಯನ್ನೂ ಮೀರಿ ಇಂದೇ ಕೋಟೆಯನ್ನು ಕೆಡವಿಬಿಟ್ಟಾನೆಂದು ಜ್ಯೂಸ್‌ಗೆ ಅಂಜಿಕೆ. ಹಾಗಾಗದಂತೆ ನೋಡಿಕೊಳ್ಳಲು ದೇವತೆಗಳನ್ನೇ ಕಣಕ್ಕೆ ಇಳಿಸುತ್ತಾನೆ. ಮನುಷ್ಯನ ತೋಳಿನಿಂದ ಕೆಡಬಹುದಾದ ವಿಧಿ, ಕಾವಲು ಬೇಕಾದ ವಿಧಿ! ಅದೇ ಸರ್ಗದಲ್ಲಿ ಪೊಸೈಡನ್ ತಾನು ಗ್ರೀಕರ ಪಕ್ಷದವನಾಗಿದ್ದೂ ಟ್ರಾಯ್‌ನ ಈನಿಯಾಸನನ್ನು ಅಕಿಲೀಸನ ಈಟಿಯಿಂದ ಪಾರುಮಾಡುತ್ತಾನೆ. ಅವನ ವಂಶ ಉಳಿಯಬೇಕೆಂದು ಗೊತ್ತಾಗಿದೆ, ಉಳಿಸುವ ಕೆಲಸವನ್ನು ಯಾರಾದರೂ ಮಾಡಲೇಬೇಕು.

ಈ ವಿಚಿತ್ರಕ್ಕೆ ಕಾವ್ಯದ ಹುಟ್ಟಿನಲ್ಲಿಯೇ ವಿವರಣೆಯನ್ನು ಹುಡುಕಬೇಕೆಂದು ನನ್ನ ಅಭಿಪ್ರಾಯ. ವಿದ್ವಾಂಸ ಮಿಲ್ಮನ್ ಪ್ಯಾರಿ 1928ರಲ್ಲಿ ಪ್ಯಾರಿಸ್‌ನಲ್ಲಿ ಮಂಡಿಸಿದ ಪ್ರಬಂಧಗಳು ಹೋಮರನ ಪದಪುಂಜಗಳು ತಲೆಮಾರುಗಳ ಸಂಪ್ರದಾಯದಿಂದ ಬಂದವೆಂದು ತೋರಿಸಿದವು. 1933ರಿಂದ 1935ರವರೆಗೆ ಅವನು ಯುಗೊಸ್ಲಾವಿಯದ ಹಾಡುಗಾರರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ; ಶಿಷ್ಯ ಆಲ್ಬರ್ಟ್ ಲಾರ್ಡ್ 1960ರ ತನ್ನ ಗ್ರಂಥದಲ್ಲಿ ಆ ಕೆಲಸವನ್ನು ಬೆಳೆಸಿದ. ಬಾಯಿಂದ ಬಾಯಿಗೆ ಬಂದ ಕತೆಯನ್ನು ಹಾಡುವವನಿಗೆ ವಿವರವನ್ನು ಹಿಗ್ಗಿಸುವ, ಕುಗ್ಗಿಸುವ ಸ್ವಾತಂತ್ರ್ಯ ಬೇಕಾದಷ್ಟಿದೆ. ಟ್ರಾಯನ್ನು ಉಳಿಸುವ, ಅದರ ವೀರ ಹೆಕ್ಟರನನ್ನು ಬದುಕಿಸುವ ಸ್ವಾತಂತ್ರ್ಯವಿಲ್ಲ. ಕೇಳುವವರಿಗೆ ಕೊನೆ ಮೊದಲೇ ಗೊತ್ತು. ಜ್ಯೂಸ್ ಮಗನನ್ನು ಎತ್ತಿಕೊಳ್ಳಲೇ ಎಂದು ಯೋಚಿಸುವಾಗ ಹಾಡುಗಾರನೇ ಕತೆಯ ಗಡಿಯನ್ನು ಒಮ್ಮೆ ಒತ್ತಿ ನೋಡುತ್ತಿದ್ದಾನೆ. ವಿಧಿ ಎಂದು ಅವನು ಕರೆಯುವುದರಲ್ಲಿ ದೊಡ್ಡ ಪಾಲು ಪರಂಪರೆಯ ಕಟ್ಟುಪಾಡು.

ಜ್ಯೂಸ್ ಹಿಡಿಯುವ ಚಿನ್ನದ ತಕ್ಕಡಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 22ನೆಯ ಸರ್ಗದಲ್ಲಿ ಅಕಿಲೀಸ್ ಹೆಕ್ಟರನನ್ನು ಕೋಟೆಯ ಸುತ್ತ ಅಟ್ಟುತ್ತಾನೆ. ಮೂರು ಸುತ್ತು ಮುಗಿದು ನಾಲ್ಕನೆಯ ಸಲ ನೀರಿನ ಎರಡು ಬುಗ್ಗೆಗಳ ಹತ್ತಿರ ಬಂದಾಗ ಜ್ಯೂಸ್ ಇಬ್ಬರ ಸಾವನ್ನೂ ತಟ್ಟೆಗಳಲ್ಲಿಟ್ಟು ಎತ್ತುತ್ತಾನೆ. ಹೆಕ್ಟರನ ತಟ್ಟೆ ಕೆಳಗಿಳಿಯುತ್ತದೆ; ಅದುವರೆಗೆ ಜೊತೆಗಿದ್ದ ಅಪೊಲೊ ಕೂಡಲೇ ಅವನನ್ನು ಬಿಟ್ಟುಹೋಗುತ್ತಾನೆ. ಆದರೆ ತೂಗುವುದಕ್ಕೆ ಮೊದಲೇ ಜ್ಯೂಸ್ ಮತ್ತೆ ತಡವರಿಸಿ, ಮಗಳು ಅಥೀನಾಳಿಂದ ಹೀರಾಳದೇ ಆಕ್ಷೇಪಣೆಯನ್ನು ಕೇಳಿ, ನಿನ್ನ ಮನಸ್ಸಿನಂತೆ ಮಾಡು ಎಂದು ಹೇಳಿಯಾಗಿದೆ. ಅವಳು ಆಗಲೇ ನೆಲಕ್ಕಿಳಿದಿದ್ದಾಳೆ. ಹಾಗಾಗಿ ತಕ್ಕಡಿ ತೀರ್ಮಾನ ಮಾಡುವುದಿಲ್ಲ. ಆದ ತೀರ್ಮಾನವನ್ನು ಎಲ್ಲರ ಕಣ್ಣಿಗೆ ಬೀಳಿಸುತ್ತದೆ. ಈಜಿಪ್ಟಿನಲ್ಲಿ ಸತ್ತವನ ಹೃದಯವನ್ನು ಸತ್ಯದ ಗರಿಯೆದುರು ತೂಗುತ್ತಿದ್ದರು, ಅದು ಪಾಪಪುಣ್ಯದ ಲೆಕ್ಕ. ಹೋಮರನ ತಟ್ಟೆಯಲ್ಲಿ ಪಾಪಪುಣ್ಯವಿಲ್ಲ. ಕೆಳಗಿಳಿದ ಹೆಕ್ಟರ್ ಕೆಟ್ಟವನೇನೂ ಅಲ್ಲ, ಕಾವ್ಯದಲ್ಲೆಲ್ಲ ಓದುಗನಿಗೆ ಹೆಚ್ಚು ಹತ್ತಿರದವನು ಅವನೇ.

ಹಾಗಾದರೆ ಮನುಷ್ಯನ ಹೊಣೆ ಏನು? 20ನೆಯ ಶತಮಾನದ ವಿದ್ವಾಂಸರು ಇದರ ಮೇಲೆ ಬಹಳ ಕಾದಾಡಿದ್ದಾರೆ. ಹೋಮರನ ಪಾತ್ರಗಳಿಗೆ ತಾವೇ ನಿರ್ಧರಿಸುವ ಒಳಮನಸ್ಸು ಇಲ್ಲವೆಂದು ಬ್ರೂನೊ ಸ್ನೆಲ್ 1946ರಲ್ಲಿ ವಾದಿಸಿದ. ಆಲ್ಬಿನ್ ಲೆಸ್ಕಿ 1961ರಲ್ಲಿ ದೇವರ ಪ್ರೇರಣೆ, ಮನುಷ್ಯನ ಪ್ರೇರಣೆ ಎರಡೂ ಒಂದೇ ಕ್ರಿಯೆಯಲ್ಲಿ ಒಟ್ಟಿಗೆ ಇರುತ್ತವೆಂದು ತೋರಿಸಿದ. 1993ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಸ್ನೆಲ್‌ನ ವಾದದ ಬುಡಕ್ಕೇ ಕೊಡಲಿ ಹಾಕಿದ. ಸ್ನೆಲ್‌ನ ವಾದವನ್ನು ಸೋಲಿಸಲು 19ನೆಯ ಸರ್ಗವೊಂದೇ ಸಾಕು. ಅಕಿಲೀಸನ ಪಾಲಿನ ಹೆಣ್ಣನ್ನು ಕಿತ್ತುಕೊಂಡು ಜಗಳ ಹಚ್ಚಿದ ಗ್ರೀಕರ ಸೇನಾಪತಿ ಅಗಮೆಮ್ನಾನ್ ಅಲ್ಲಿ ತುಂಬಿದ ಸಭೆಯಲ್ಲಿ, ತಪ್ಪು ತನ್ನದಲ್ಲ, ಜ್ಯೂಸ್ ಮತ್ತು ವಿಧಿ ಸೇರಿ ತನ್ನ ಬುದ್ಧಿ ಕೆಡಿಸಿದರು ಎನ್ನುತ್ತಾನೆ. ನಮ್ಮ ರಾಜಕಾರಣಿಯ ಬಾಯಲ್ಲಿ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅಗಮೆಮ್ನಾನ್ ಅದೇ ಉಸಿರಿನಲ್ಲಿ ತಪ್ಪುಕಾಣಿಕೆ ತೆರುತ್ತೇನೆಂದು ಹೇಳಿ ಹೇರಳ ಸಂಪತ್ತನ್ನು ತರಿಸುತ್ತಾನೆ. ಇ.ಆರ್. ಡಾಡ್ಸ್ 1951ರ ತನ್ನ ಹೆಸರಾಂತ ಗ್ರಂಥವನ್ನು ಈ ಪ್ರಸಂಗದಿಂದಲೇ ಶುರುಮಾಡಿದ್ದು ಸುಮ್ಮನಲ್ಲ. ಬುದ್ಧಿ ಕೆಡಿಸಿದವನು ದೇವರಾದರೂ ದಂಡ ಕಟ್ಟುವವನು ಮನುಷ್ಯನೇ ಎಂಬುದರಲ್ಲಿ ಆ ಸಭೆಗೆ ಯಾವ ವಿರೋಧವೂ ಕಾಣಲಿಲ್ಲ.

ಮತ್ತೆ ಸಾರ್ಪೆಡಾನನಿಗೆ ಬರೋಣ, ಏಕೆಂದರೆ ವೀರನೆಂದರೆ ಯಾರು ಎಂಬುದನ್ನು ಹೋಮರ್ ಹೇಳಿಸುವುದು ಅವನ ಬಾಯಿಂದ. 12ನೆಯ ಸರ್ಗದಲ್ಲಿ ಗ್ರೀಕರ ಗೋಡೆಗೆ ಲಗ್ಗೆ ಹಾಕುವ ಮುನ್ನ ಅವನು ಬಂಧುವಾದ ಗ್ಲಾಕಸನೊಡನೆ ಮಾತಾಡುತ್ತಾನೆ. ಊರಿನಲ್ಲಿ ನಮಗೆ ಮೊದಲ ಪಂಕ್ತಿ, ಒಳ್ಳೆಯ ಬಾಡು, ತುಂಬಿದ ಬಟ್ಟಲು, ಹೊಳೆದಂಡೆಯ ತೋಟ ಮತ್ತು ಗೋಧಿಯ ಹೊಲ ಎಲ್ಲ ಏಕೆ ಕೊಟ್ಟಿದ್ದಾರೆ? ಮುಂದೆ ನಿಂತು ಕಾದುತ್ತೇವೆಂದು. ಪಂಪನ ಕರ್ಣನನ್ನು ಬಲ್ಲವರಿಗೆ ಇದು ಜೋಳದ ಪಾಳಿಯ, ಅಂದರೆ ಉಂಡ ಋಣ ತೀರಿಸುವ ಮಾತು. ವ್ಯತ್ಯಾಸವೆಂದರೆ ಇಲ್ಲಿ ಋಣವಿರುವುದು ಒಡೆಯನಿಗಲ್ಲ, ಉಣಿಸುವ ಪ್ರಜೆಗಳಿಗೆ. ಅಲ್ಲಿಂದ ಮಾತು ಥಟ್ಟನೆ ಬೇರೆ ಕಡೆಗೆ ಹೊರಳುತ್ತದೆ. ಈ ಯುದ್ಧದಿಂದ ತಪ್ಪಿಸಿಕೊಂಡರೆ ಮುಪ್ಪು ಸಾವು ಎರಡೂ ಇಲ್ಲವೆಂದಾಗಿದ್ದರೆ ತಾನೂ ಕಾದುತ್ತಿರಲಿಲ್ಲ, ಗ್ಲಾಕಸನನ್ನೂ ಕಳಿಸುತ್ತಿರಲಿಲ್ಲ. ಹೇಗೂ ಸಾಯಲೇಬೇಕಾದ್ದರಿಂದ ಮುಂದೆ ಹೋಗೋಣ ಎನ್ನುತ್ತಾನೆ. ಸಾವಿಲ್ಲದವರಿಗೆ ವೀರವಿಲ್ಲ ಎಂಬ ಈ ಲೆಕ್ಕ ದೇವತೆಗಳನ್ನು ಚಿಕ್ಕವರನ್ನಾಗಿ ಮಾಡುತ್ತದೆ. 5ನೆಯ ಸರ್ಗದಲ್ಲಿ ಗಾಯಗೊಂಡ ಯುದ್ಧದೇವತೆ ಏರೀಸ್ ಒಲಿಂಪಸ್ ಏರಿ ತಂದೆಯ ಬಳಿ ದೂರು ಹೇಳುತ್ತಾನೆ, ಮದ್ದು ಹಚ್ಚಿದೊಡನೆ ವಾಸಿಯಾಗುತ್ತಾನೆ. ಆ ದೃಶ್ಯವನ್ನು ಓದಿದರೆ ನಗು ಬರುತ್ತದೆ. ಏನನ್ನೂ ಕಳೆದುಕೊಳ್ಳಲಾರದವನ ಯುದ್ಧ ಅದು.

ಸತ್ತ ಮೇಲೆ ಸಾರ್ಪೆಡಾನನಿಗೆ ಸಿಕ್ಕುವುದೇನು? ಅಪೊಲೊ ಹೆಣವನ್ನು ಹೊಳೆಯಲ್ಲಿ ತೊಳೆದು ನಿದ್ರೆ ಮತ್ತು ಸಾವು ಎಂಬ ಅವಳಿ ಸಹೋದರರಿಗೆ ಒಪ್ಪಿಸುತ್ತಾನೆ. ಅವರು ಅದನ್ನು ಲಿಸಿಯಾಕ್ಕೆ ಮುಟ್ಟಿಸುತ್ತಾರೆ. ಸುಮಾರು ಕ್ರಿ.ಪೂ. 515ರಲ್ಲಿ ಯೂಫ್ರೋನಿಯೋಸ್ ಎಂಬ ಅಥೆನ್ಸಿನ ಚಿತ್ರಗಾರ ಮದ್ಯ ಬೆರೆಸುವ ಜಾಡಿಯೊಂದರ ಮೇಲೆ ಈ ದೃಶ್ಯವನ್ನು ಬರೆದ. ರೆಕ್ಕೆಯುಳ್ಳ ಇಬ್ಬರು ಬಾಗಿ ಎತ್ತುತ್ತಿದ್ದಾರೆ; ಕಾವ್ಯದಲ್ಲಿ ಹೆಣ ತೊಳೆದಾಗಿದ್ದರೂ ಚಿತ್ರದಲ್ಲಿ ಗಾಯಗಳಿಂದ ನೆತ್ತರು ಇನ್ನೂ ಸುರಿಯುತ್ತಿದೆ. 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಸುಮಾರು 10 ಲಕ್ಷ ಡಾಲರಿಗೆ ಕೊಂಡ ಆ ಜಾಡಿ 2008ರಲ್ಲಿ ಇಟಲಿಗೆ ಮರಳಿತು. ನಮ್ಮ ವೀರಗಲ್ಲುಗಳಲ್ಲಿಯೂ ಸತ್ತ ವೀರನನ್ನು ಇಬ್ಬದಿಯಿಂದ ಹಿಡಿದು ಎತ್ತುವವರಿದ್ದಾರೆ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಆ ಮೂರನೆಯ ಪಟ್ಟಿಕೆ ಸಾರ್ಪೆಡಾನನಿಗಿಲ್ಲ. ದೇವರ ಮಗನನ್ನು ಒಯ್ಯುವುದು ಊರಿಗೆ, ಸ್ವರ್ಗಕ್ಕಲ್ಲ. ಅಲ್ಲಿ ಅಣ್ಣತಮ್ಮಂದಿರು, ನಂಟರು ಮಣ್ಣಿನ ದಿಬ್ಬ ಮಾಡಿ ಕಲ್ಲು ನೆಡುತ್ತಾರೆ. ಉಳಿಯುವುದು ಕಲ್ಲು ಮತ್ತು ಹಾಡು.

ಏಳು ಶತಮಾನಗಳ ನಂತರ ವರ್ಜಿಲ್ ರೋಮಿನ ಚಕ್ರವರ್ತಿ ಆಗಸ್ಟಸನ ಕಾಲದಲ್ಲಿ 'ಈನಿಯಡ್' ಬರೆಯುವಾಗ ಈ ಪ್ರಸಂಗವನ್ನು ಮರೆಯಲಿಲ್ಲ. ಪೊಸೈಡನ್ ಪಾರುಮಾಡಿದ ಅದೇ ಈನಿಯಾಸ್ ಈಗ ಕಥಾನಾಯಕ, ಅವನ ವಂಶದ ಉಳಿವು ಈಗ ಸಾಮ್ರಾಜ್ಯದ ಹಣೆಬರಹ. 10ನೆಯ ಭಾಗದಲ್ಲಿ ಈನಿಯಾಸನ ಪಕ್ಷದ ತರುಣ ಪಲ್ಲಾಸ್ ಸಾವಿನ ಅಂಚಿನಲ್ಲಿದ್ದಾನೆ. ಅವನಿಗಾಗಿ ಕಣ್ಣೀರಿಡುವ ಹರ್ಕ್ಯುಲಿಸ್‌ಗೆ ಜುಪಿಟರ್ (ಜ್ಯೂಸ್‌ನ ರೋಮನ್ ರೂಪ) ಸಮಾಧಾನ ಹೇಳುತ್ತಾ, ಟ್ರಾಯ್ ಗೋಡೆಯ ಕೆಳಗೆ ತನ್ನ ಮಗ ಸಾರ್ಪೆಡಾನನೂ ಬಿದ್ದನೆಂದು ನೆನೆಯುತ್ತಾನೆ. ಎತ್ತಿಕೊಳ್ಳಲೇ ಎಂಬ ಪ್ರಶ್ನೆ ಅವನಿಗೆ ಏಳುವುದಿಲ್ಲ, ಎದುರಾಡುವ ಹೆಂಡತಿಯೂ ಪಕ್ಕದಲ್ಲಿ ಬೇಕಾಗಿಲ್ಲ. ಮಾತು ಮುಗಿಸಿ ರಣರಂಗದಿಂದ ಕಣ್ಣು ತಿರುಗಿಸುತ್ತಾನೆ. 12ನೆಯ ಭಾಗದಲ್ಲಿ ಈನಿಯಾಸ್ ಮತ್ತು ಅವನ ಎದುರಾಳಿ ಟರ್ನಸ್ ಇಬ್ಬರ ವಿಧಿಯನ್ನು ತೂಗಲು ಅವನೂ ತಕ್ಕಡಿ ಹಿಡಿಯುತ್ತಾನೆ. ಯಾವ ತಟ್ಟೆ ಇಳಿಯಿತೆಂದು ವರ್ಜಿಲ್ ಬರೆಯುವುದಿಲ್ಲ, ಅವನ ಓದುಗರಿಗೆ ಅದನ್ನು ಬರೆದು ತಿಳಿಸುವ ಅಗತ್ಯವೂ ಇರಲಿಲ್ಲ.