ಖರಾಬು ನೆಲದ ಶಾಸನ

ನಮ್ಮ ಕಂದಾಯದ ದಫ್ತರಗಳಲ್ಲಿ ಸಾಗುವಳಿಗೆ ಒದಗದ ನೆಲವನ್ನು ‘ಖರಾಬು’ ಎಂದು ಬರೆಯುವ ರೂಢಿಯುಂಟು. ಸಾಲದ ಆಧಾರಕ್ಕೆ ಬಂದ ಪಹಣಿಯಲ್ಲಿ ಆ ಪದ ಕಂಡೊಡನೆ ಅಷ್ಟು ನೆಲವನ್ನು ಬೆಲೆಯ ಲೆಕ್ಕದಿಂದ ಕಳೆದುಬಿಡುವುದು ನನ್ನ ವೃತ್ತಿಯ ಅಭ್ಯಾಸ. ಅಮೆರಿಕವೂ ತನ್ನ ಪಶ್ಚಿಮದ ಮರುಭೂಮಿಯನ್ನು ಬಹುಕಾಲ ಹೀಗೆಯೇ ಕಂಡಿತು. ಪ್ರಜೆಗಳು ಬೇಡವೆಂದು ಬಿಟ್ಟದ್ದು ಸರ್ಕಾರದಲ್ಲಿ ಉಳಿಯಿತು. 1946ರಲ್ಲಿ ಸ್ಥಾಪಿತವಾದ ಭೂನಿರ್ವಹಣಾ ಇಲಾಖೆಯ ವಶಕ್ಕೆ ಬಂದಿತು.

1964ರ ವನ್ಯಭೂಮಿ ಶಾಸನವು ರಸ್ತೆ, ಕಟ್ಟಡ, ಮೋಟಾರುಗಳ ಸೋಂಕಿಲ್ಲದ ನೆಲವನ್ನು ಹಾಗೆಯೇ ಕಾಪಾಡಲು ಹುಟ್ಟಿದುದು. (ಮರವೇ ಇಲ್ಲದ ಬಯಲನ್ನು ‘ವನ್ಯ’ವೆನ್ನುವುದು ತುಸು ವಿಚಿತ್ರವೇ, ಬೇರೆ ಪದ ನನಗೆ ದೊರೆಯಲಿಲ್ಲ.) ಅದು ಮೊದಲಿಗೆ ರಕ್ಷಿಸಿದ ಸುಮಾರು 91 ಲಕ್ಷ ಎಕರೆಯೂ ರಾಷ್ಟ್ರೀಯ ಅರಣ್ಯಗಳೊಳಗಿನದು. ಮೇಲೆ ಹೇಳಿದ ಇಲಾಖೆಯ ನೆಲವನ್ನೂ ಪರಿಶೀಲಿಸಬೇಕೆಂಬ ಆಜ್ಞೆ ಹೊರಟದ್ದು 1976ರ ಶಾಸನದಿಂದ.

1986ರಲ್ಲಿ ಸೆನೆಟರ್ ಅಲನ್ ಕ್ರ್ಯಾನ್‌ಸ್ಟನ್ ಕ್ಯಾಲಿಫೋರ್ನಿಯಾದ ಮರುಭೂಮಿಯ ರಕ್ಷಣೆಗಾಗಿ ಮಸೂದೆಯನ್ನು ಮಂಡಿಸಿದರು. ಆಗ, ಯಾರಿಗೂ ಬೇಡವಾಗಿದ್ದ ಆ ನೆಲಕ್ಕೆ ಎಷ್ಟೊಂದು ಮಂದಿ ಹಕ್ಕುದಾರರು! ಗಣಿಯವರು, ದನಗಾಹಿಗಳು, ಬೇಟೆಗಾರರು, ಮರಳಿನ ಮೇಲೆ ಮೋಟಾರ್‌ಸೈಕಲ್ ಓಡಿಸುವವರು ಎಲ್ಲರೂ ಎದ್ದುನಿಂತರು. ಅದೇ ರಾಜ್ಯದ ಇನ್ನೊಬ್ಬ ಸೆನೆಟರ್ ಪೀಟ್ ವಿಲ್ಸನ್ ವಿರೋಧಿಸಿದುದರಿಂದ ಮಸೂದೆ ವರ್ಷಗಟ್ಟಲೆ ಕದಲಲಿಲ್ಲ. 1992ರ ಚುನಾವಣೆಯಲ್ಲಿ ಆಯ್ಕೆಯಾದ ಡಯಾನ್ ಫೈನ್‌ಸ್ಟೈನ್ ಅದನ್ನು ಕೈಗೆತ್ತಿಕೊಂಡರು. 1994ರ ಅಕ್ಟೋಬರ್ 31ರಂದು ಅಧ್ಯಕ್ಷ ಕ್ಲಿಂಟನ್ ಅಂಕಿತ ಹಾಕಿದರು. ಡೆತ್ ವ್ಯಾಲಿ, ಜೋಶುವಾ ಟ್ರೀಗಳು ರಾಷ್ಟ್ರೀಯ ಉದ್ಯಾನಗಳಾದವು. ಇಲಾಖೆಯ ನೆಲದಲ್ಲಿ 69 ವನ್ಯಭೂಮಿಗಳು, ಸುಮಾರು 35 ಲಕ್ಷ ಎಕರೆ, ಗೊತ್ತಾದವು.

ರಾಜಿಯಿಲ್ಲದೆ ಇಷ್ಟೂ ಆಗಲಿಲ್ಲ. ಮೊಹಾವೆ ಪ್ರದೇಶವನ್ನು ಉದ್ಯಾನವೆನ್ನದೆ ‘ಸಂರಕ್ಷಿತ ಪ್ರದೇಶ’ವೆಂದು ಕರೆದು ಬೇಟೆಗೆ ಅವಕಾಶವಿತ್ತರು. ಇದ್ದ ಗಣಿಹಕ್ಕುಗಳೂ ಮೇವಿನ ಹಕ್ಕುಗಳೂ ಉಳಿದವು. ಇದನ್ನು ಸೋಲೆಂದು ಎಣಿಸಲು ನನ್ನ ಮನಸ್ಸೊಪ್ಪದು. ಬೇಟೆಯವರನ್ನು ಬಿಟ್ಟು ಮತ ಎಣಿಸುವುದು ಅಂದು ಸಾಧ್ಯವಿರಲಿಲ್ಲ.

ಆದರೆ ಶಾಸನವಾದ ಮಾತ್ರಕ್ಕೆ ನೆಲಕ್ಕೆ ಬೆಲೆ ಬಂದಿತೆನ್ನುವಂತಿಲ್ಲ. ಮರುವರ್ಷವೇ ವಿರೋಧಿಗಳು ಲೆಕ್ಕಪತ್ರದ ದಾರಿ ಹಿಡಿದರು. ಮೊಹಾವೆಯ ಆಡಳಿತಕ್ಕೆಂದು ರಾಷ್ಟ್ರೀಯ ಉದ್ಯಾನ ಸೇವೆಗೆ ಕಾಂಗ್ರೆಸ್ಸಿನ ಧನವಿನಿಯೋಗ ಮಸೂದೆ ಕೊಟ್ಟದ್ದು 1 ಡಾಲರ್. ಹಳೆಯ ಇಲಾಖೆಯ ಕೈಗೇ ನೆಲ ಮರಳಲಿ ಎಂಬುದು ಅದರ ಇಂಗಿತ. ಬ್ಯಾಂಕಿನಲ್ಲಿ ಖಾತೆ ಮುಚ್ಚದಂತೆ 1 ರೂಪಾಯಿ ಉಳಿಸುವವರನ್ನು ಕಂಡಿದ್ದೇನೆ. ಇಲ್ಲಿ ಅದೇ 1ನ್ನು ಖಾತೆ ಮುಚ್ಚಿಸಲು ಬರೆದಿದ್ದರು. 1995ರ ಡಿಸೆಂಬರಿನಲ್ಲಿ ಕ್ಲಿಂಟನ್ ಆ ಮಸೂದೆಗೆ ಅಂಕಿತ ನಿರಾಕರಿಸಿ ಹಿಂದಿರುಗಿಸಿದರು.