ಕೊಂಡವಾಡದ ಎರಡು ಬಾಗಿಲು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಹಿರಿಯರಿಗೆ ‘ಕೊಂಡವಾಡ’ ಎಂಬ ಮಾತು ಹೊಸದಲ್ಲ. ಹೊಲಕ್ಕೆ ನುಗ್ಗಿ ಜೋಳದ ಬೆಳೆ ಮೇಯ್ದ ದನವನ್ನು ಹಿಡಿದು ತಂದು ಕೂಡಿಹಾಕುವ ಜಾಗ ಅದು. ಹಳೆ ಮೈಸೂರಿನವರು ಅದನ್ನೇ ದೊಡ್ಡಿ ಎನ್ನುತ್ತಾರೆ. ಬ್ರಿಟಿಷರ ಕಾಲದ 1871ರ ದನಗಳ ಅತಿಕ್ರಮ ಪ್ರವೇಶ ಕಾಯಿದೆ ಈ ಕೊಂಡವಾಡಗಳಿಗೆ ಒಂದು ಕಟ್ಟಳೆ ಹಾಕಿಕೊಟ್ಟಿತು. ದನದ ಒಡೆಯ ಬಂದು ದಂಡವನ್ನೂ ಮೇವು-ನೀರಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಏಳು ದಿನ ಕಾದರೂ ಯಾರೂ ಬಾರದಿದ್ದರೆ ಊರಲ್ಲೂ ಸಂತೆಯಲ್ಲೂ ಡಂಗುರ ಸಾರಿಸಬೇಕು. ಮತ್ತೂ ಏಳು ದಿನ ಕಳೆದರೆ ದನ ಹರಾಜಿಗೆ.

ಈ ಕಟ್ಟಳೆಯಲ್ಲಿ ದಯೆಗಿಂತ ಲೆಕ್ಕಾಚಾರವೇ ಹೆಚ್ಚು. ಆದರೆ ಅದರಲ್ಲಿ ಒಂದು ಜಾಣತನವಿತ್ತು. ಕೊಂಡವಾಡಕ್ಕೆ ಒಳಬರುವ ಬಾಗಿಲಿದ್ದಂತೆ ಹೊರಹೋಗುವ ಬಾಗಿಲೂ ಇತ್ತು. ದನ ಅಲ್ಲಿ ಬಂದು ಹೋಗುತ್ತಿತ್ತೇ ಹೊರತು ನೆಲೆ ನಿಲ್ಲುತ್ತಿರಲಿಲ್ಲ. ಹರಾಜಿನಲ್ಲಿ ಬೆಲೆ ಬಾರದ ಪ್ರಾಣಿಗಳಿಗೆ, ಮುಖ್ಯವಾಗಿ ಬೀದಿ ನಾಯಿಗೆ, ಈ ಎರಡನೆಯ ಬಾಗಿಲು ಎಂದೂ ಇರಲಿಲ್ಲ. ಪ್ರಾಣಿಗಳ ಆಶ್ರಯ ತಾಣಗಳು ಏಕೆ ತುಂಬಿ ತುಳುಕುತ್ತವೆ, ಅಲ್ಲಿ ಸಾವು ಏಕೆ ಹೆಚ್ಚುತ್ತದೆ ಎಂಬ ಪ್ರಶ್ನೆಯ ಮೂಲ ಇಲ್ಲಿಯೇ ಇದೆ.

2025ರಲ್ಲಿ ಈ ಪ್ರಶ್ನೆ ದೇಶದ ಮುಂದೆ ನೇರವಾಗಿ ಬಂದು ನಿಂತಿತು. ದಿಲ್ಲಿ ಮತ್ತು ಸುತ್ತಲಿನ ಪ್ರದೇಶದ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯ ತಾಣಗಳಲ್ಲಿ ಇಡಬೇಕೆಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಆಗಸ್ಟ್ 11ರಂದು ಆದೇಶಿಸಿತು. ಆಗಸ್ಟ್ 22ರಂದು ತ್ರಿಸದಸ್ಯ ಪೀಠ ಅದನ್ನು ಮಾರ್ಪಡಿಸಿತು: ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ ನಾಯಿಗಳನ್ನು ಹಿಡಿದಲ್ಲಿಯೇ ಬಿಡಬೇಕು, ಹುಚ್ಚು ಹಿಡಿದ, ಮೈಮೇಲೆ ಎರಗುವ ನಾಯಿಗಳನ್ನು ಮಾತ್ರ ಬಿಡಬಾರದು. ನವೆಂಬರ್ 7ರ ಇನ್ನೊಂದು ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಗೆ ಬಿಡದೆ ಆಶ್ರಯಕ್ಕೆ ಒಯ್ಯಬೇಕೆಂದಿತು. ಆದೇಶ ಮಹಾನಗರಕ್ಕೆ ಅನ್ವಯಿಸುವಂತೆ ಬಾದಾಮಿಯ ಬಸ್ ನಿಲ್ದಾಣಕ್ಕೂ ಇಳಕಲ್‌ನ ಶಾಲೆಗೂ ಅನ್ವಯಿಸುತ್ತದೆ. ಆದರೆ ಹಿಡಿದ ನಾಯಿಯನ್ನು ಎಲ್ಲಿ ಇಡುವುದು? ಎಷ್ಟು ದಿನ ಇಡುವುದು? ಇದಕ್ಕೆ ಉತ್ತರ ಹುಡುಕುವವರು ಸುಮಾರು ಇನ್ನೂರು ವರ್ಷಗಳ ಹಿಂದಿನ ಒಂದು ಗಲಭೆಯಿಂದ ಆರಂಭಿಸಬೇಕಾಗುತ್ತದೆ.

ಮುಂಬಯಿಯ ನಾಯಿ ಗಲಭೆ

1818ರಲ್ಲಿ ಥಾಮಸ್ ಮನ್ರೋ ಬಾದಾಮಿಯ ಕೋಟೆಯನ್ನು ಗೆದ್ದ. ಪೇಶ್ವೆಗಳ ಕೈಯಲ್ಲಿದ್ದ ಈ ಸೀಮೆ ಬ್ರಿಟಿಷರ ಪಾಲಾಗಿ ಮುಂಬಯಿ ಪ್ರಾಂತ್ಯವನ್ನು ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಇಲ್ಲಿಗೆ ಕಾಯಿದೆ ಬರುತ್ತಿದ್ದುದು ಮುಂಬಯಿಯಿಂದಲೇ. ಹತ್ತಿಯ ವ್ಯಾಪಾರದ ನಂಟೂ ಆ ಕಡೆಗೇ ಇತ್ತು.

ಆ ಮುಂಬಯಿಯಲ್ಲಿ 19ನೇ ಶತಮಾನದ ಆರಂಭದಲ್ಲಿಯೇ ಬೇಸಿಗೆಯ ತಿಂಗಳುಗಳಲ್ಲಿ ಬಿಡಾಡಿ ನಾಯಿಗಳನ್ನು ಕೊಲ್ಲುವ ನಿಯಮ ಜಾರಿಗೆ ಬಂದಿತ್ತು. ಕೊಂದ ಪೇದೆಗೆ ತಲೆಗಿಷ್ಟೆಂದು ಇನಾಮು. ಇನಾಮಿನ ಆಸೆಗೆ ಸಾಕಿದ ನಾಯಿಗಳೂ ಬಲಿಯಾಗತೊಡಗಿದವು. 1832ರಲ್ಲಿ ಕೊಲ್ಲುವ ಅವಧಿಯನ್ನು ಮುಂದುವರಿಸಿದಾಗ ಜನರ ಸಹನೆ ಮುಗಿಯಿತು. ಜೂನ್ 6ರಂದು, ತಮ್ಮ ಪವಿತ್ರ ದಿನದಂದೇ ನಡೆದ ಕೊಲೆಯನ್ನು ಕಂಡು ಪಾರಸಿಗಳು ಪೇದೆಗಳ ಮೇಲೆ ಬಿದ್ದರು. ಪಾರಸಿ ಧರ್ಮದಲ್ಲಿ ನಾಯಿಗೆ ವಿಶೇಷ ಸ್ಥಾನವಿದೆ. ಶವದ ಮುಂದೆ ನಾಯಿಯನ್ನು ತಂದು ನಿಲ್ಲಿಸುವುದು ಅವರ ಅಂತ್ಯಸಂಸ್ಕಾರದ ಒಂದು ಅಂಗ. ಮರುದಿನ ಅಂಗಡಿ-ಮುಂಗಟ್ಟುಗಳು ಮುಚ್ಚಿದವು. ಜೈನರೂ ಹಿಂದೂಗಳೂ ಮುಷ್ಕರಕ್ಕೆ ಸೇರಿಕೊಂಡರು. ಸರಕಾರ ಸೈನ್ಯವನ್ನು ಕರೆಸಬೇಕಾಯಿತು.

ಈ ಗಲಭೆಯ ಫಲವಾಗಿ ಹುಟ್ಟಿದ್ದು ಮುಂಬಯಿಯ ಪಾಂಜರಪೋಳ. ಪಾರಸಿ ವರ್ತಕ ಜಮಶೇಟ್‌ಜಿ ಜೀಜೀಭಾಯಿ ಮತ್ತು ಜೈನ ವರ್ತಕ ಅಮೀಚಂದ್ ಶಾ 1834ರಲ್ಲಿ ಭುಲೇಶ್ವರದ ಬಳಿ ಅದನ್ನು ತೆರೆದರು. ವರ್ತಕರು ತಮ್ಮ ತಮ್ಮ ವ್ಯಾಪಾರದ ಮೇಲೆ ತಾವೇ ಒಂದು ಪಟ್ಟಿ ಹಾಕಿಕೊಂಡು ಅದರ ಖರ್ಚು ನೋಡಿಕೊಂಡರು. ಪೊಲೀಸರ ದೊಣ್ಣೆಯಿಂದ ತಪ್ಪಿಸಿದ ನಾಯಿಗೆ ಒಂದು ನೆಲೆ ಬೇಕೆಂಬುದೇ ಮೂಲ ಉದ್ದೇಶ. ಆದರೆ ಕಾಲ ಕಳೆದಂತೆ ಪಾಂಜರಪೋಳದ ಬಹುಪಾಲು ಜಾಗ ದನಗಳದಾಯಿತು. ನಾಯಿಗಳ ವಿಷಯದಲ್ಲಿ ನಗರ ಮತ್ತೆ ಹಳೆಯ ಹಾದಿಗೇ ಮರಳಿತು. ಒಳಗೆ ಬಂದ ಪ್ರಾಣಿ ಸಾಯುವವರೆಗೂ ಅಲ್ಲಿಯೇ ಇರಬೇಕು. ಹೊರಗಿನ ಬೀದಿಯಲ್ಲಿ ಮರಿಗಳು ಹುಟ್ಟುತ್ತಲೇ ಇರುತ್ತವೆ. ಎಷ್ಟು ದೊಡ್ಡ ದಾನಿಗೂ ಈ ಲೆಕ್ಕ ಹೊಂದಿಸಲಾಗದು.

ಬರಗಾಲದಲ್ಲಿ ಉತ್ತರ ಕರ್ನಾಟಕದಲ್ಲಿ ಸರಕಾರ ತೆರೆಯುವ ಗೋಶಾಲೆಗಳನ್ನು ಇದರೊಡನೆ ಹೋಲಿಸಿ ನೋಡಬಹುದು. ಸಾವಿರಾರು ದನಗಳು ಒಮ್ಮೆಲೇ ಬಂದರೂ ಆ ಗೋಶಾಲೆಗಳು ಮಳೆ ಬಿದ್ದ ಕೂಡಲೇ ಖಾಲಿಯಾಗುತ್ತವೆ. ಕಾರಣ ಸರಳ: ಅಲ್ಲಿ ನಿಂತ ಪ್ರತಿ ದನಕ್ಕೂ ಒಬ್ಬ ಒಡೆಯನಿದ್ದಾನೆ, ಅವನಿಗೆ ಅದು ಬೇಕಾಗಿದೆ. ಒಡೆಯನಿಲ್ಲದ ಪ್ರಾಣಿಯನ್ನು ಹೊತ್ತ ಆಶ್ರಯಕ್ಕೆ ಮಳೆಗಾಲ ಬರುವುದೇ ಇಲ್ಲ.

ಕೊಂದರೆ ಕಡಿಮೆಯಾದವೇ?

ನಾಯಿಯ ಮೇಲಿನ ಭಯಕ್ಕೆ ಕಾರಣವಿತ್ತು ಎಂಬುದನ್ನು ಮರೆಯಬಾರದು. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಬದುಕುವ ಆಸೆಯಿಲ್ಲ. ಲೂಯಿ ಪಾಶ್ಚರ್ 1885ರಲ್ಲಿ ಲಸಿಕೆ ಕಂಡುಹಿಡಿದ ಮೇಲೂ ಇಲ್ಲಿಯ ಜನಕ್ಕೆ ಅದು ದೂರದ ಮಾತಾಗಿತ್ತು. ಕಸೌಲಿಯ ಸಂಸ್ಥೆ 1900ರಲ್ಲಿ, ಕೂನೂರಿನದು 1907ರಲ್ಲಿ ಆರಂಭವಾದವು. ಮುಂದೆ ಹೊಕ್ಕುಳ ಸುತ್ತಲಿನ ಹದಿನಾಲ್ಕು ಚುಚ್ಚುಮದ್ದು ಬಂತು. ಅದರ ನೆನಪೇ ಒಂದು ತಲೆಮಾರನ್ನು ನಡುಗಿಸುತ್ತಿತ್ತು. ಹೀಗಿರುವಾಗ ಮುನಿಸಿಪಾಲಿಟಿಗಳು ನಾಯಿ ಕೊಲ್ಲಿಸಿದರೆ ಜನ ಸಮಾಧಾನಪಟ್ಟುದರಲ್ಲಿ ಆಶ್ಚರ್ಯವಿಲ್ಲ. ವಿಷದ ಉಂಡೆ, ಉರುಳು, ಕರೆಂಟಿನ ಪೆಟ್ಟಿಗೆ, ಹೀಗೆ ಹಲವು ಬಗೆಯ ಕೊಲೆಗಳು ದೇಶದ ನಗರಗಳಲ್ಲಿ ನಡೆದವು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಕೂಡ ಬಿಡಾಡಿ ನಾಯಿಗಳ ನಾಶಕ್ಕೆ ವಿನಾಯಿತಿ ಇಟ್ಟಿತ್ತು.

ಆದರೆ ಫಲ ಸಿಕ್ಕಿತೇ ಎಂಬುದು ಬೇರೆ ಮಾತು. ಮದರಾಸಿನ ಕಾರ್ಪೊರೇಶನ್ 1860ರಲ್ಲಿ ನಾಯಿ ಕೊಲ್ಲಲು ಆರಂಭಿಸಿತು. 1959ರಲ್ಲಿ ಹುಟ್ಟಿದ ಅಲ್ಲಿಯ ಬ್ಲೂ ಕ್ರಾಸ್ ಸಂಸ್ಥೆ ಕೊಡುವ ಲೆಕ್ಕದಂತೆ, 1996ರ ಹೊತ್ತಿಗೆ ದಿನಕ್ಕೆ 135 ನಾಯಿಗಳವರೆಗೂ ಕೊಲ್ಲಲಾಗುತ್ತಿತ್ತು. ನೂರ ಮೂವತ್ತಾರು ವರ್ಷ ಕೊಂದರೂ ಕೊಲ್ಲಬೇಕಾದ ನಾಯಿಗಳು ಮುಗಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೇಬಿಸ್ ತಜ್ಞರ ಸಮಿತಿ 1992ರ ವರದಿಯಲ್ಲಿ ಇದನ್ನೇ ಹೇಳಿತು. ನಾಯಿಗಳನ್ನು ತೆಗೆದುಹಾಕುವುದರಿಂದ ಅವುಗಳ ಸಂಖ್ಯೆಯಾಗಲೀ ರೋಗವಾಗಲೀ ಗಣನೀಯವಾಗಿ ತಗ್ಗಿದ್ದಕ್ಕೆ ಎಲ್ಲಿಯೂ ಪುರಾವೆಯಿಲ್ಲ ಎಂಬುದು ಅದರ ನಿಲುವು.

ಏಕೆ ಹೀಗೆ? ಒಂದು ಓಣಿಯಲ್ಲಿ ಎಷ್ಟು ನಾಯಿಗಳು ಬದುಕುತ್ತವೆ ಎಂಬುದನ್ನು ಬಹುಮಟ್ಟಿಗೆ ಅಲ್ಲಿಯ ಕೂಳು ನಿರ್ಧರಿಸುತ್ತದೆ. ಖಾನಾವಳಿಯ ಎಂಜಲು, ಮಾಂಸದಂಗಡಿಯ ಕಸ, ಕಲ್ಯಾಣ ಮಂಟಪದ ಹಿಂದಿನ ಎಲೆಗಳ ರಾಶಿ, ಬನಶಂಕರಿ ಜಾತ್ರೆಯಂಥ ಕೂಟಗಳಲ್ಲಿ ಉಳಿದ ಅನ್ನ ಇವೆಲ್ಲ ನಾಯಿಗಳ ಪಾಲಿಗೆ ತೆರೆದ ಕಣಜ. ಹತ್ತು ನಾಯಿಗಳನ್ನು ತೆಗೆದರೆ ಆ ಕೂಳು ಉಳಿಯುತ್ತದೆ. ಪಕ್ಕದ ಓಣಿಯ ನಾಯಿಗಳು ಬರುತ್ತವೆ. ಸಾಯಬೇಕಿದ್ದ ಮರಿಗಳು ಬದುಕುತ್ತವೆ. ಬಂದವು ಹೊಸ ನಾಯಿಗಳಾದ್ದರಿಂದ ಲಸಿಕೆ ಕಂಡಿರುವುದಿಲ್ಲ, ಗಡಿಗಾಗಿ ಕಚ್ಚಾಟವೂ ಹೆಚ್ಚು.

ಬೇಲಿ ಹಾಕುವುದು ಎಲ್ಲಿ?

ಉಳಿದ ದಾರಿ ಒಂದೇ: ಆಶ್ರಯದ ಬಾಗಿಲಿಗೆ ಬಂದ ಮೇಲೆ ಚಿಂತಿಸುವ ಬದಲು, ಬರುವುದನ್ನೇ ತಗ್ಗಿಸುವುದು. ಅಮೆರಿಕದ ಅನುಭವ ಇದಕ್ಕೆ ಸಾಕ್ಷಿ. 1970ರ ದಶಕದಲ್ಲಿ ಅಲ್ಲಿಯ ಆಶ್ರಯ ತಾಣಗಳಲ್ಲಿ ಜಾಗವಿಲ್ಲವೆಂದು ವರ್ಷಕ್ಕೆ ಕೋಟಿಗೂ ಹೆಚ್ಚು ನಾಯಿ-ಬೆಕ್ಕುಗಳನ್ನು ಚುಚ್ಚಿ ಸಾಯಿಸುತ್ತಿದ್ದರು ಎಂದು ಅಂದಾಜು. ಲಾಸ್ ಏಂಜಲೀಸ್ ನಗರಾಡಳಿತ 1971ರಲ್ಲಿ ಕಡಿಮೆ ದರದ ಸಂತಾನಹರಣ ಚಿಕಿತ್ಸಾಲಯ ತೆರೆಯಿತು. ಬೇರೆ ನಗರಗಳು ಅನುಸರಿಸಿದವು. ಆಶ್ರಯದಿಂದ ನಾಯಿ ತಂದು ಸಾಕುವ ರೂಢಿಯೂ ಬೆಳೆಯಿತು. 2019ರ ಹೊತ್ತಿಗೆ ಆ ಸಾವಿನ ಸಂಖ್ಯೆ ಹತ್ತು ಲಕ್ಷಕ್ಕಿಂತ ಕೆಳಗಿಳಿದಿತ್ತು.

ಭಾರತದ ಬೀದಿಗೂ ಈ ಮದ್ದು ಒಗ್ಗಿತು. ಜೈಪುರದಲ್ಲಿ 1994ರಿಂದ 2002ರವರೆಗೆ ನಡೆದ ಕೆಲಸದಲ್ಲಿ ಶೇ 65ರಷ್ಟು ಹೆಣ್ಣು ನಾಯಿಗಳಿಗೆ ಶಸ್ತ್ರಚಿಕಿತ್ಸೆಯಾಯಿತು; ಸಮೀಕ್ಷೆಯ ಪ್ರದೇಶದಲ್ಲಿ ನಾಯಿಗಳ ಸಂಖ್ಯೆ ಶೇ 28ರಷ್ಟು ಇಳಿಯಿತು. 2001ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳನ್ನು ತಂದಿತು. ಬೆಂಗಳೂರಿನಲ್ಲಿ 2007ರಲ್ಲಿ ಎರಡು ಎಳೆಯ ಮಕ್ಕಳು ನಾಯಿಗಳ ದಾಳಿಗೆ ಬಲಿಯಾದಾಗ, ನಿಯಮಗಳಿದ್ದರೂ ನಾಯಿ ಕೊಲ್ಲುವ ಕೂಗೆದ್ದಿತ್ತು. ಅದೇ ನಗರದ ಎರಡು ಗಣತಿಗಳು ಬೇರೆ ಕಥೆ ಹೇಳುತ್ತವೆ. 2019ರಲ್ಲಿ ಸುಮಾರು 3.10 ಲಕ್ಷವಿದ್ದ ಬೀದಿ ನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು. ಚಿಕಿತ್ಸೆಯಾದ ನಾಯಿಗಳ ಪಾಲು ಶೇ 51ರಿಂದ ಶೇ 72ಕ್ಕೆ ಏರಿತ್ತು. ಇಳಿಕೆ ದೊಡ್ಡದಲ್ಲ, ಆದರೆ ಮದರಾಸು ನೂರಕ್ಕೂ ಹೆಚ್ಚು ವರ್ಷ ಕೊಂದು ಕಾಣದ ಇಳಿಕೆ ಅದು.

2023ರ ಹೊಸ ನಿಯಮಗಳ ಪ್ರಕಾರ ಈ ಹೊಣೆ ಸ್ಥಳೀಯ ಸಂಸ್ಥೆಗಳದು. ಅಂದರೆ ಬಾಗಲಕೋಟೆ, ಇಳಕಲ್ ನಗರಸಭೆಗಳದು, ಬಾದಾಮಿ, ಹುನಗುಂದ ಪುರಸಭೆಗಳದು. ನಾಯಿಯನ್ನು ಹಿಡಿದು, ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಗುರುತಿಗೆ ಕಿವಿಯಂಚು ಕತ್ತರಿಸಿ, ಗಾಯ ಮಾಯುವವರೆಗೆ ಇಟ್ಟು, ಹಿಡಿದ ಜಾಗದಲ್ಲಿಯೇ ಬಿಡಬೇಕು. ದಯಾಮರಣಕ್ಕೆ ಅವಕಾಶವಿರುವುದು ವಾಸಿಯಾಗದ ಕಾಯಿಲೆಯ, ಬದುಕಲಾರದಷ್ಟು ಗಾಯಗೊಂಡ ನಾಯಿಗೆ ಮಾತ್ರ. ಅದೂ ಪಶುವೈದ್ಯರ ಕೈಯಿಂದ. ಗಮನಿಸಬೇಕಾದ ಸಂಗತಿಯೆಂದರೆ ಈ ನಿಯಮದಲ್ಲಿ ಆಶ್ರಯ ತಾಣ ಮತ್ತೆ ಕೊಂಡವಾಡವಾಗುತ್ತದೆ. ಅದು ಕೆಲವು ದಿನಗಳ ತಂಗುದಾಣ. ಅದಕ್ಕೆ ಹೊರಹೋಗುವ ಬಾಗಿಲಿದೆ.

ಆದರೆ ಕೆಲಸದ ವೇಗ ಮುಖ್ಯ. ಒಂದು ಊರಿನಲ್ಲಿ ಸಾವಿರ ಹೆಣ್ಣು ನಾಯಿಗಳಿವೆ ಎಂದುಕೊಳ್ಳೋಣ. ವರ್ಷಕ್ಕೆ ನೂರರಂತೆ ಏಳು ವರ್ಷ ಚಿಕಿತ್ಸೆ ಮಾಡಿದರೆ ಆಗುವುದು ಏಳು ನೂರಲ್ಲ. ಉಳಿದ ಒಂಬೈನೂರು ಅಷ್ಟರಲ್ಲಿ ಮರಿ ಹಾಕಿರುತ್ತವೆ, ಚಿಕಿತ್ಸೆಯಾದವು ಕೆಲವು ಸತ್ತಿರುತ್ತವೆ. ಆ ಏಳು ನೂರನ್ನು ಒಂದೇ ವರ್ಷದಲ್ಲಿ, ಓಣಿ ಓಣಿಯಾಗಿ ಮುಗಿಸಿದರೆ ಫಲವೇ ಬೇರೆ. ರೇಬಿಸ್ ತಡೆಯಲೂ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಆಗಬೇಕೆಂಬುದು ತಜ್ಞರ ಲೆಕ್ಕ. ಒಂದೊಂದು ಪುರಸಭೆ ಒಂಟಿಯಾಗಿ ಶಸ್ತ್ರಚಿಕಿತ್ಸಾ ಕೇಂದ್ರ ನಡೆಸುವುದು ಕಷ್ಟ. ನಾಲ್ಕೂ ಊರುಗಳು ಕೂಡಿ ಒಂದು ಕೇಂದ್ರ, ಒಂದು ತಂಡ ಇಟ್ಟುಕೊಂಡು ಸರದಿಯ ಮೇಲೆ ಕೆಲಸ ಮಾಡಿದರೆ ಖರ್ಚೂ ಹಂಚಿಹೋಗುತ್ತದೆ, ವೇಗವೂ ಸಿಗುತ್ತದೆ.

ಮನೆಯ ನಾಯಿ, ಬೀದಿಯ ನಾಯಿ

ನಾಯಿಗೆ ಮರ್ಯಾದೆ ಕೊಡುವುದು ಈ ನಾಡಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದು. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟದ್ದನ್ನು ಅದು ದಾಖಲಿಸುತ್ತದೆ. ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ ದೋಣಿಯ ಪ್ರಸಾದಕ್ಕೆ ಬಾಗುತ್ತಾರೆ. ಬಾಗಲಕೋಟೆ ಜಿಲ್ಲೆಯದೇ ಆದ ಮುಧೋಳ ನಾಯಿಗೆ ಘೋರ್ಪಡೆ ಅರಸರ ಆಶ್ರಯವಿತ್ತು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು. ತಿಮ್ಮಾಪುರದಲ್ಲಿ ಆ ತಳಿಗಾಗಿಯೇ ಒಂದು ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು.

ಒಂದೇ ಜಿಲ್ಲೆಯಲ್ಲಿ ಒಂದು ನಾಯಿಗೆ ಅಂಚೆಚೀಟಿ, ಇನ್ನೊಂದಕ್ಕೆ ಹಿಡಿಯುವವರ ಬಲೆ. ಇವೆರಡರ ನಡುವಿನ ಅಂತರಕ್ಕೆ ತಳಿಯೊಂದೇ ಕಾರಣವಲ್ಲ. ಮುಧೋಳ ನಾಯಿಗೆ ಒಡೆಯನಿದ್ದಾನೆ. ಅದರ ಮರಿಗೆ ಕೇಳುವವರಿದ್ದಾರೆ. ಬೀದಿಯ ನಾಯಿಗಳಲ್ಲಿ ಹಲವು ಕೂಡ ಒಂದು ಕಾಲಕ್ಕೆ ಮನೆಯಿಂದಲೇ ಬಂದವು. ಗಂಡು ಮರಿಯನ್ನು ಇಟ್ಟುಕೊಂಡು, ಹೆಣ್ಣು ಮರಿಗಳನ್ನು ಚೀಲಕ್ಕೆ ಹಾಕಿ ಸಂತೆಯ ಬಯಲಿನಲ್ಲೋ ಗುಡಿಯ ಹಿಂದೆಯೋ ಬಿಟ್ಟು ಬರುವ ರೂಢಿ ಹಳ್ಳಿ-ಪಟ್ಟಣಗಳಲ್ಲಿ ಇದ್ದೇ ಇದೆ. ಹೀಗೆ ಬಿಟ್ಟುಹೋಗುವುದು 1960ರ ಕಾಯಿದೆಯಂತೆ ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಅದು ಹೇಳಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಆ ದಂಡ ಕಂಡು ಹೆದರುವವರು ಯಾರು?

ಬಿಟ್ಟ ಆ ಹೆಣ್ಣು ಮರಿ ಬದುಕಿದರೆ ವರ್ಷದೊಳಗೆ ತಾಯಿಯಾಗುತ್ತದೆ. ಆಮೇಲೆ ಶಾಲೆಯ ಮಗುವಿಗೆ ಕಚ್ಚುವ ನಾಯಿ, ಹಿಡಿಯಲು ಬರುವ ಪುರಸಭೆಯ ಗಾಡಿ, ಜಾಗವಿಲ್ಲದ ಆಶ್ರಯ, ಕೊನೆಗೆ ಸಾವು ಇವೆಲ್ಲ ಒಂದರ ಹಿಂದೆ ಒಂದು ಬರುತ್ತವೆ. ಸಾಕಿದ ಹೆಣ್ಣು ನಾಯಿಗೆ ಒಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಸರಪಳಿ ಮೊದಲ ಕೊಂಡಿಯಲ್ಲಿಯೇ ತುಂಡಾಗುತ್ತದೆ. ಪುರಸಭೆಯ ತಂಡ ಬೀದಿ ನಾಯಿಗಾಗಿ ಓಣಿಗೆ ಬಂದ ದಿನವೇ ಮನೆಯ ನಾಯಿಗೂ ಅದೇ ಮೇಜಿನ ಮೇಲೆ ಪುಕ್ಕಟೆ ಚಿಕಿತ್ಸೆ ಸಿಗುವಂತೆ ಮಾಡುವುದು ದೊಡ್ಡ ಖರ್ಚಿನ ಮಾತಲ್ಲ. 1834ರ ವರ್ತಕರು ಬಂದ ಪ್ರಾಣಿಗಳನ್ನು ಸಾಕಲು ತಮ್ಮ ಮೇಲೆ ಪಟ್ಟಿ ಹಾಕಿಕೊಂಡರು. ಅಂಥದೇ ಒಂದು ಪಟ್ಟಿ ಬೇಡದ ಮರಿಗಳು ಹುಟ್ಟದಂತೆ ನೋಡಿಕೊಳ್ಳಲು ಬಂದರೆ, ನಾಳೆ ಕಟ್ಟಬೇಕಾಗುವ ಆಶ್ರಯ ತಾಣ ಅಷ್ಟೇನೂ ದೊಡ್ಡದಾಗಿರಬೇಕಿಲ್ಲ.