ಗ್ಲಾಕೋಮಾ ರೋಗಿಯ ನಡಿಗೆ

ಗ್ಲಾಕೋಮಾ ರೋಗವನ್ನು ಕುರಿತು ಜನಸಾಮಾನ್ಯರಿಗಾಗಿ ಅಚ್ಚಾಗುವ ಕರಪತ್ರಗಳಲ್ಲಿ ಬಹುಮಟ್ಟಿಗೆ ಒಂದೇ ಚಿತ್ರ: ನಡುವೆ ನಿಚ್ಚಳವಾದ ದೃಶ್ಯ, ಸುತ್ತಲೂ ಕಡುಗಪ್ಪು ವಲಯ. ಲಂಡನ್ನಿನ ಡೇವಿಡ್ ಕ್ರ್ಯಾಬ್ ಮತ್ತು ಸಂಗಡಿಗರು ಐವತ್ತು ಮಂದಿ ರೋಗಿಗಳ ಮುಂದೆ ಹಲವು ಚಿತ್ರಗಳನ್ನಿರಿಸಿ, ತಮಗೆ ಕಾಣುವ ಬಗೆಯನ್ನು ಹೋಲುವುದಾವುದೆಂದು ಕೇಳಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಈ ಕಪ್ಪು ಸುರಂಗವನ್ನು ಆರಿಸಿದವರು ಒಬ್ಬರೂ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಲ್ಲಿ ಮಸುಕಾದ ಚಿತ್ರವನ್ನು ತೋರಿಸಿದರು, ಸುಮಾರು ನಾಲ್ವರಲ್ಲೊಬ್ಬರಿಗೆ ನಷ್ಟದ ಅರಿವೇ ಇರಲಿಲ್ಲ. ಚಿತ್ರವೊಂದು ತಪ್ಪಾದರೆ ಏನು ಹಾನಿಯೆಂದು ಕೇಳುವವರುಂಟು. ಮುಂದೆ ಕತ್ತಲೆಯನ್ನು ಕಂಡವನು ತಡವರಿಸಿ ಕಾಲಿಡುತ್ತಾನೆ. ಇಲ್ಲವಾದ ಭಾಗವನ್ನು ಮೆದುಳೇ ನೆರೆಯ ಬಣ್ಣದಿಂದ ತುಂಬಿಕೊಟ್ಟಾಗ, ಇರುವ ಮೆಟ್ಟಿಲನ್ನು ಸಮತಲವೆಂದು ನಂಬಿ ನಿಶ್ಚಿಂತೆಯಿಂದ ಹೆಜ್ಜೆಯಿಡುತ್ತಾನೆ.

ಆದಿಯ ಇತಿಹಾಸವನ್ನು ಬೇಗನೆ ದಾಟಬಹುದು. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಭಾಗವನ್ನು ಕಾಣಿಸುವ ಉಪಕರಣವನ್ನು ಕೊಟ್ಟನು. 1857ರಲ್ಲಿ ಫಾನ್ ಗ್ರೇಫೆ ಗ್ಲಾಕೋಮಾಕ್ಕೆ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದನು. 1862ರಲ್ಲಿ ಸ್ನೆಲೆನ್ ಅಕ್ಷರಫಲಕವನ್ನು ಹೊರತಂದನು. ಡೆನ್ಮಾರ್ಕಿನ ಬ್ಯೆರಮ್ ದೃಷ್ಟಿಕ್ಷೇತ್ರದ, ಎಂದರೆ ನೆಟ್ಟ ನೋಟದ ಸುತ್ತ ಕಾಣುವಷ್ಟು ಹರಹಿನ, ಕಮಾನಿನಾಕಾರದ ನಷ್ಟವನ್ನು ಗುರುತಿಸಿದನು. 1945ರಲ್ಲಿ ಆ ಕ್ಷೇತ್ರವನ್ನಳೆಯುವ ಗೋಲ್ಡ್‌ಮನ್ನನ ಅರ್ಧಗೋಳದ ಯಂತ್ರ ಬಂದಿತು. ಮಹನೀಯರೇ, ಸಂದೇಹವಿಲ್ಲ, ಆದರೆ ಇವರೆಲ್ಲರ ಎದುರಿಗೆ ರೋಗಿ ಕುಳಿತಿದ್ದನೇ ಹೊರತು ನಡೆದಾಡಲಿಲ್ಲ.

ಬೀಳುವಿಕೆಯ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರಲ್ಲಿ ಮೊದಲಿಗರೆಂದು ನಾನೆಣಿಸುವುದು, 489 ಮಂದಿ ವೃದ್ಧ ರೋಗಿಗಳನ್ನು ಪರಿಶೀಲಿಸಿ 1991ರಲ್ಲಿ ಬರೆದ ಗ್ಲಿನ್ ಮತ್ತು ಸಂಗಡಿಗರನ್ನು. ದೃಷ್ಟಿಕ್ಷೇತ್ರದ ನಷ್ಟದೊಡನೆ ನಿದ್ರಾಕಾರಕ ಔಷಧಗಳೂ, ಗ್ಲಾಕೋಮಾದ ಕೆಲವು ಕಣ್ಣಿನ ಹನಿಗಳೂ ಅವರ ಪಟ್ಟಿಯಲ್ಲಿ ಸೇರಿದವು. 1978ರಿಂದ ಬಳಕೆಗೆ ಬಂದ ಟಿಮೊಲಾಲ್ ಹನಿ, ಕಣ್ಣೀರಿನ ನಾಳದ ಮೂಲಕ ಮೂಗಿಗಿಳಿದು ರಕ್ತವನ್ನು ಸೇರಿ ನಾಡಿಯನ್ನು ನಿಧಾನಗೊಳಿಸಬಲ್ಲುದು. ಹನಿ ಹಾಕಿದ ಮೇಲೆ ಕಣ್ಣಿನ ಒಳಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿಹಿಡಿಯಿರೆಂದು ಹೇಳಲು ನಮ್ಮ ವೈದ್ಯರಿಗೆ ಇಂದಿಗೂ ಪುರುಸೊತ್ತಿಲ್ಲ.

ತರುವಾಯ ಬಂದುದು ನಮ್ಮ ತಲೆಮಾರಿನ ಕಾಲ. 1998ರಲ್ಲಿ ಆಸ್ಟ್ರೇಲಿಯದ ಬ್ಲೂ ಮೌಂಟನ್ಸ್ ಅಧ್ಯಯನವು ಕಣ್ಣಿನ ದೋಷಕ್ಕೂ ಮತ್ತೆ ಮತ್ತೆ ಬೀಳುವುದಕ್ಕೂ ಇರುವ ನಂಟನ್ನು ಸಮುದಾಯದ ನಡುವೆಯೇ ತೋರಿಸಿತು. 2007ರಲ್ಲಿ ಅಮೆರಿಕದ ಸಾಲಿಸ್‌ಬರಿಯಿಂದ ಬಂದ ವರದಿಯು, ಫಲಕದ ಅಕ್ಷರಗಳನ್ನು ಓದುವ ಶಕ್ತಿಗಿಂತ ಅಂಚಿನ ದೃಷ್ಟಿಯ ನಷ್ಟವೇ ಬೀಳುವಿಕೆಗೆ ಹತ್ತಿರದ ಕಾರಣವೆಂದಿತು. ಅದೇ ವರ್ಷ ಕೆನಡದ ಹೇಮ್ಸ್ ಮತ್ತು ಸಂಗಡಿಗರು, ಹಿಂದಿನ ಒಂದು ವರ್ಷದಲ್ಲಿ ಬಿದ್ದಿರುವ ಸಂಭವ ಗ್ಲಾಕೋಮಾ ರೋಗಿಗಳಲ್ಲಿ ಇತರರಿಗಿಂತ ಮೂರು ಪಟ್ಟಿಗೂ ಮಿಗಿಲೆಂದು ಕಂಡರು. ಆದರೆ ನನ್ನ ಪಕ್ಷಪಾತವಿರುವುದು ಬ್ರಿಸ್ಬೇನಿನ ಬ್ಲ್ಯಾಕ್ ಮತ್ತು ವುಡ್ ಅವರ ಕಡೆಗೆ. ಎಷ್ಟು ನಷ್ಟವಾಯಿತೆಂದು ಕೇಳಿ ಸುಮ್ಮನಾಗದೆ, ಎಲ್ಲಿ ನಷ್ಟವಾಯಿತೆಂದು ಕೇಳಿದ ಅವರು, ಕ್ಷೇತ್ರದ ಕೆಳಭಾಗ ಅಳಿದವರೇ ಹೆಚ್ಚಾಗಿ ಬೀಳುವರೆಂದು 2011ರಲ್ಲಿ ತೋರಿಸಿಕೊಟ್ಟರು. ನಡೆಯುವವನು ಪಾದವನ್ನು ನೋಡುತ್ತ ನಡೆಯುವುದಿಲ್ಲ. ಅವನ ನೋಟ ಒಂದೆರಡು ಹೆಜ್ಜೆ ಮುಂದಿರುತ್ತದೆ, ಪಾದದ ಬಳಿಯ ಹೊಸ್ತಿಲು, ನೀರು ಚೆಲ್ಲಿದ ನೆಲ, ಅಡ್ಡ ಮಲಗಿದ ಕೂಸು, ಇವೆಲ್ಲ ಕೆಳಗಿನ ಅಂಚಿನ ಕಾವಲಿಗೆ ಬಿಟ್ಟವು.

ಬಾಲ್ಟಿಮೋರಿನ ಪ್ರದೀಪ್ ರಾಮುಲು ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಬೀಳುವ ಭಯದಿಂದ ಮನೆಯಲ್ಲೇ ಕುಳಿತವನು ಬೀಳುವುದೂ ಕಡಮೆ. ಆದಕಾರಣ ವರ್ಷಕ್ಕೆ ಎಷ್ಟು ಸಲ ಬಿದ್ದನೆಂಬ ಲೆಕ್ಕವಷ್ಟೇ ಸಾಲದೆಂದು ಬಗೆದು, ಅವರು ರೋಗಿಗಳ ಹೆಜ್ಜೆಗಳನ್ನೇ ಯಂತ್ರದಿಂದ ಎಣಿಸಿದರು. ವರ್ಷದ ಲೆಕ್ಕದಲ್ಲಿ ಮರೆಯಾಗಿದ್ದ ಅಪಾಯ ಹೆಜ್ಜೆಯ ಲೆಕ್ಕದಲ್ಲಿ ಹೊರಬಿದ್ದಿತು: ಕ್ಷೇತ್ರನಷ್ಟ ಹೆಚ್ಚಿದಂತೆಲ್ಲ ಪ್ರತಿ ಹೆಜ್ಜೆಗೆ ಬೀಳುವ ಸಂಭವವೂ ಹೆಚ್ಚು. ಮನೆಯೊಳಗೆ ಬೆಳಕು ಚೆನ್ನಾಗಿದ್ದಲ್ಲಿ ಬೀಳುವಿಕೆ ಕಡಮೆಯೆಂಬುದೂ ಅವರದೇ ಶೋಧನೆ.

ಪರಿಹಾರದ ಅಧ್ಯಯನಗಳು ಮಾತ್ರ ವಿರಳ. ಸಿಡ್ನಿಯಲ್ಲಿ ದುರ್ಬಲ ವೃದ್ಧರ ಕಣ್ಣು ಪರೀಕ್ಷಿಸಿ ಹೊಸ ಕನ್ನಡಕ ಕೊಡಿಸಿದ ಪ್ರಯೋಗದಲ್ಲಿ ಬೀಳುವಿಕೆ ತಗ್ಗುವ ಬದಲು ಹೆಚ್ಚಿತು (2007). ನ್ಯೂಜಿಲೆಂಡಿನಲ್ಲಿ ತೀವ್ರ ದೃಷ್ಟಿಮಾಂದ್ಯದ 391 ಮಂದಿ ವೃದ್ಧರ ನಡುವೆ ನಡೆದ ಪ್ರಯೋಗದಲ್ಲಿ, ತರಬೇತಾದವರು ಮನೆಗೇ ಹೋಗಿ ಅಪಾಯದ ಎಡೆಗಳನ್ನು ಸರಿಪಡಿಸಿದಾಗ ಬೀಳುವಿಕೆ ತಗ್ಗಿತು (2005). ಆ ವೃದ್ಧರಲ್ಲಿ ಗ್ಲಾಕೋಮಾದವರು ಒಂದು ಪಾಲು ಮಾತ್ರ ಎಂಬುದನ್ನು ಉತ್ಸಾಹಿಗಳು ಮರೆಯಬಾರದು.

ನಮ್ಮಲ್ಲಿ ಕಣ್ಣಿನ ಸೇವೆಯೆಂದರೆ ಪೊರೆಯ ಶಸ್ತ್ರಚಿಕಿತ್ಸೆ. ಡಾ. ಎಂ. ಸಿ. ಮೋದಿಯವರ ಶಿಬಿರಗಳ ಉಪಕಾರವನ್ನು ಈ ನಾಡು ಮರೆಯದು. ಆದರೆ ಪೊರೆ ತೆಗೆದರೆ ಕಾಣುತ್ತದೆ, ಗ್ಲಾಕೋಮಾದಲ್ಲಿ ಅಳಿದ ನರ ಮರಳುವುದಿಲ್ಲ, ಆದ್ದರಿಂದ ಎಣಿಕೆಗೆ ಒದಗುವ ಯಶಸ್ಸೂ ಇಲ್ಲಿಲ್ಲ. ತಮಿಳುನಾಡಿನ ಅರವಿಂದ ಸಮೀಕ್ಷೆಯಲ್ಲಿ (2003) ಈ ರೋಗವಿದ್ದವರ ಪೈಕಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕವರಿಗೆ ಅದು ಮೊದಲು ಪತ್ತೆಯೇ ಆಗಿರಲಿಲ್ಲ. ಅಂಥವರು ಬಿದ್ದು ಸೊಂಟ ಮುರಿದುಕೊಂಡರೆ ಹೋಗುವುದು ಮೂಳೆಯ ವೈದ್ಯರಲ್ಲಿಗೆ. ಅಲ್ಲಿ ದೃಷ್ಟಿಕ್ಷೇತ್ರವನ್ನು ಅಳೆಯುವವರಿಲ್ಲ. ರೋಗ ಪತ್ತೆಯಾಗಿ ನೇತ್ರಾಲಯಕ್ಕೆ ಬರುವವರ ಚೀಟಿಯಲ್ಲಿ ಕಣ್ಣಿನ ಒತ್ತಡದ ಅಂಕಿ ಇರುತ್ತದೆ, ಕ್ಷೇತ್ರಪರೀಕ್ಷೆಯ ಅಚ್ಚು ಇರುತ್ತದೆ. ಈ ವರ್ಷ ಎಷ್ಟು ಸಲ ಬಿದ್ದಿರೆಂದು ಬರೆದುಕೊಳ್ಳುವ ಅಂಕಣವಿರುವುದಿಲ್ಲ, ಅವರ ಬಚ್ಚಲಿನ ದೀಪವನ್ನೂ ಹಿತ್ತಿಲ ಮೆಟ್ಟಿಲನ್ನೂ ನೋಡಿಬರುವ ಹುದ್ದೆಯಂತೂ ಸಿಬ್ಬಂದಿಯ ಪಟ್ಟಿಯಲ್ಲಿ ಇನ್ನೂ ಸೇರಬೇಕಾಗಿದೆ.